ನೀಲಿ ಚಪ್ಪರಕ್ಕೆ ನೀರು ಹೆಚ್ಚಾದ ವರ್ಷ

ಹೊಳೆನರಸೀಪುರದಲ್ಲಿ ನೀವು ಯಾರ ಮನೆಗೆ ಹೋದರೂ ಕಾಫಿಗಿಂತ ಮೊದಲು ಆಲ್ಬಮ್ ಬರುತ್ತದೆ. ಪ್ಲಾಸ್ಟಿಕ್ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಚರ್ರೆಂದು ಸದ್ದು ಮಾಡುವ ಆ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ತಿರುವುತ್ತ ಹೋಗಿ. ನಾಲ್ಕೈದು ಪುಟ ದಾಟುವುದರೊಳಗೆ ಒಂದು ತಿಳಿನೇರಳೆ ಬಣ್ಣ ನಿಮಗೆ ಸಿಕ್ಕೇ ಸಿಗುತ್ತದೆ. ಒಂದು ಚಿತ್ರದಲ್ಲಿ ಅದರ ಮುಂದೆ ನಿಶ್ಚಿತಾರ್ಥದ ಹುಡುಗಿ ತಲೆ ತಗ್ಗಿಸಿ ಕೂತಿದ್ದಾಳೆ. ಇನ್ನೊಂದರಲ್ಲಿ ನಿವೃತ್ತರಾದ ಹೆಡ್‌ಮಾಸ್ಟರು ಶಾಲು ಹೊದ್ದು ಬೆವರುತ್ತಿದ್ದಾರೆ. ಮತ್ತೊಂದರಲ್ಲಿ ಖೋಖೋ ಗೆದ್ದ ಹುಡುಗಿಯರು ಕಪ್ಪನ್ನು ತಾವೇ ಹಿಡಿಯಬೇಕೆಂದು ಜಗಳವಾಡುತ್ತಿರುವಾಗಲೇ ಫೋಟೋ ಕ್ಲಿಕ್ಕಾಗಿಬಿಟ್ಟಿದೆ. ಮನೆ ಬೇರೆ, ಮುಖ ಬೇರೆ, ಹಿಂದಿನ ಬಣ್ಣ ಮಾತ್ರ ಒಂದೇ. ಹೊಸಬರು ಅದನ್ನು ಸ್ಟುಡಿಯೋದವರ ಪರದೆ ಎಂದುಕೊಳ್ಳುತ್ತಾರೆ. ಪರದೆಯಲ್ಲ, ಅದು ನಮ್ಮೂರಿನ ನೀಲಿ ಚಪ್ಪರ.

ಹೇಮಾವತಿಯ ಕಡೆಗೆ ಇಳಿಯುವ ದಾರಿಯಲ್ಲಿ ಸರ್ಕಾರದ ಹಳೆಯ ಬಂಗಲೆಯೊಂದಿದೆ. ಮಹಾರಾಜರ ಕಾಲದಲ್ಲಿ ನಾಲೆ ಅಳೆಯಲು ಬಂದ ಯಾವನೋ ಇಂಜಿನಿಯರು ಅದರ ಹಿತ್ತಲಿನಲ್ಲಿ ಕಲ್ಲಿನ ಕಂಬಗಳನ್ನು ನಿಲ್ಲಿಸಿ, ಮೇಲೆ ತೊಲೆ ಹಾಯಿಸಿ, ಎಲ್ಲಿಂದಲೋ ತಂದ ಒಂದು ಬಳ್ಳಿಯನ್ನು ಹಬ್ಬಿಸಿದನಂತೆ. ಆತ ಅಳೆದ ನಾಲೆ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಬಳ್ಳಿ ಮಾತ್ರ ತೊಡೆ ಗಾತ್ರಕ್ಕೆ ಬೆಳೆದು, ಕಂಬಗಳನ್ನು ತಬ್ಬಿ ಹಿಡಿದು, ಈಗ ಕಂಬ ಬಳ್ಳಿಯನ್ನು ಹೊತ್ತಿದೆಯೋ ಬಳ್ಳಿ ಕಂಬವನ್ನು ಹೊತ್ತಿದೆಯೋ ಹೇಳುವುದು ಕಷ್ಟ. ವರ್ಷದಲ್ಲಿ ಹನ್ನೊಂದು ತಿಂಗಳು ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಎಲೆ ಬಡಗಿಯವರು ಮರ ಉಜ್ಜುವ ಕಾಗದದಷ್ಟು ಒರಟು. ಚಿಕ್ಕವರಿದ್ದಾಗ ನಾವು ಅದರಿಂದ ಉಗುರು ಉಜ್ಜಿಕೊಳ್ಳುತ್ತಿದ್ದೆವು. ಚಳಿ ಮುಗಿದು ಶಿವರಾತ್ರಿಯ ಆಸುಪಾಸು ಬಂತೆಂದರೆ ಆ ಒರಟು ಎಲೆಗಳ ನಡುವಿನಿಂದ ಗೊಂಚಲು ಗೊಂಚಲಾಗಿ ಹೂ ಇಳಿಬೀಳುತ್ತದೆ. ಐದು ಎಸಳಿನ ಪೇಲವ ನಕ್ಷತ್ರ, ಅದರ ನಡುವೆ ಕಡುನೇರಳೆಯ ಇನ್ನೊಂದು ಪುಟ್ಟ ಹೂವು. ಒಳಗಿನದು ಎರಡು ದಿನದಲ್ಲಿ ಉದುರುತ್ತದೆ. ಹೊರಗಿನ ನಕ್ಷತ್ರ ಎರಡು ವಾರ ಉಳಿದು, ನಿಧಾನವಾಗಿ ಬಣ್ಣ ಬಿಟ್ಟು, ಕೊನೆಗೊಂದು ದಿನ ಗಾಳಿಯಲ್ಲಿ ಗಿರಗಿರನೆ ಸುತ್ತುತ್ತ ಕೆಳಗಿಳಿಯುತ್ತದೆ. ಅದರ ಬಣ್ಣ ನೀಲಿಯಲ್ಲ, ನೇರಳೆ. ಆದರೂ ಊರಿಗೆ ಊರೇ ನೀಲಿ ಎಂದ ಮೇಲೆ ನಾನೊಬ್ಬಳು ತಿದ್ದಲು ಹೋಗುವುದಿಲ್ಲ.

ಆ ಎರಡು ವಾರ ನಮ್ಮೂರಿಗೆ ಬೇರೆಯೇ ಪಂಚಾಂಗ. ಬಂಗಲೆಯ ಕಚೇರಿಗೆ ಒಂದು ಅರ್ಜಿ ಬರೆದುಕೊಟ್ಟರೆ ಯಾರು ಬೇಕಾದರೂ ಚಪ್ಪರದ ಕೆಳಗೆ ಸಮಾರಂಭ ಮಾಡಬಹುದು. ಬೆಳಿಗ್ಗೆ ಒಬ್ಬರ ನಿಶ್ಚಿತಾರ್ಥ, ಮಧ್ಯಾಹ್ನ ಶಾಲೆಯವರ ಗ್ರೂಪ್ ಫೋಟೋ, ಸಂಜೆ ಇನ್ನೊಬ್ಬರ ಬೀಳ್ಕೊಡುಗೆ. ಬೆಳಗಿನವರ ಕುರ್ಚಿಯ ಮೇಲೆ ಸಂಜೆಯವರು ಕೂರುತ್ತಾರೆ. ಬೆಳಗಿನವರ ಲಾಡು ಉಳಿದಿದ್ದರೆ ಅದೂ ಸಂಜೆಯವರ ತಟ್ಟೆಗೆ ಬರುವುದುಂಟು. ಕಷ್ಟವಿರುವುದು ಒಂದೇ: ಅರ್ಜಿಯನ್ನು ತಿಂಗಳ ಮೊದಲೇ ಕೊಡಬೇಕು, ಬಳ್ಳಿ ತನ್ನ ದಿನವನ್ನು ತಿಂಗಳ ಮೊದಲು ಯಾರಿಗೂ ಹೇಳುವುದಿಲ್ಲ.

ಇಲ್ಲಿ ನನ್ನ ಪಾತ್ರ ಶುರುವಾಗುತ್ತದೆ. ಎಂಟನೇ ತರಗತಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಮೊದಲ ಮಾವಿನಕಾಯಿ ಪೇಟೆಗೆ ಬಂದದ್ದು, ನಲ್ಲಿಯಲ್ಲಿ ನೀರು ನಿಂತದ್ದು, ಚಪ್ಪರದಲ್ಲಿ ಮೊದಲ ಗೊಂಚಲು ಕಂಡದ್ದು, ಎಲ್ಲಕ್ಕೂ ತಾರೀಖು ಹಾಕುವುದು ನನ್ನ ಚಟ. ಇದು ಹೇಗೋ ಬೀದಿಗೆ ಗೊತ್ತಾಗಿ, ಪಿಯುಸಿ ಮೊದಲ ವರ್ಷಕ್ಕೆ ಬರುವ ಹೊತ್ತಿಗೆ ಜನ ನನ್ನನ್ನು ಜೋಯಿಸರ ಹಾಗೆ ಕೇಳಲು ಶುರುಮಾಡಿದ್ದರು. ನಾನೂ ಗಂಭೀರವಾಗಿ ಹಿಂದಿನ ವರ್ಷಗಳನ್ನು ಕೂಡಿ ಭಾಗಿಸಿ ಒಂದು ಭಾನುವಾರವನ್ನು ಹೇಳುತ್ತಿದ್ದೆ. ಮೂರು ವರ್ಷ ನನ್ನ ಭಾನುವಾರ ತಪ್ಪಿರಲಿಲ್ಲ. ನಾಲ್ಕನೆಯ ವರ್ಷ ಕೇಳಿದ್ದು ನಮ್ಮ ಮನೆಯವರೇ. ಕೇಳಿದ್ದು ವನಜತ್ತೆಯ ಸಲುವಾಗಿ.

ವನಜತ್ತೆ ಅಪ್ಪನ ತಂಗಿ. ಹುಡುಗಿಯಾಗಿದ್ದಾಗ ರುದ್ರಪಟ್ಟಣದಲ್ಲಿ ತನ್ನ ಸೋದರಮಾವನ ಮನೆಯಲ್ಲಿದ್ದು ಸಂಗೀತ ಕಲಿತವಳು. ಆ ಸೋದರಮಾವನನ್ನು ನಾನು ತಾತ ಎನ್ನುತ್ತೇನೆ. ಅತ್ತೆಯ ಹಾಗೆ ಹಾಡುವವರು ಆ ಊರಲ್ಲೂ ಕಡಿಮೆ ಎಂದು ಅಜ್ಜಿ ಹೇಳುತ್ತಾಳೆ. ಅಜ್ಜಿಯ ಮಾತು ಬಿಡಿ, ಅವಳಿಗೆ ಮಗಳು. ಆದರೆ ಹಾಗೆಂದು ತಾತನೂ ಹೇಳುತ್ತಾರೆ, ತಾತ ಯಾರನ್ನೂ ಸುಮ್ಮನೆ ಹೊಗಳುವವರಲ್ಲ. ನಾನು ಇನ್ನೂ ಒಂದನೇ ತರಗತಿಯಲ್ಲಿದ್ದಾಗ ಅರಕಲಗೂಡಿನ ಒಂದು ಸಂಗೀತ ಕಚೇರಿಯಲ್ಲಿ ಅತ್ತೆ ಶಂಕರಾಭರಣದ ದೊಡ್ಡ ಕೃತಿಯನ್ನು ಎತ್ತಿಕೊಂಡು, ಚರಣದ ಎರಡನೆಯ ಸಾಲಿಗೆ ಬಂದು, ಮರೆತಳು. ಪಿಟೀಲಿನವರು ಕಾದರು, ಮೃದಂಗದವರು ಕಾದರು. ಅತ್ತೆ ಕೈಮುಗಿದು ಎದ್ದು, ಉಟ್ಟ ರೇಷ್ಮೆ ಸೀರೆಯಲ್ಲೇ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಳು. ಆಮೇಲೆ ಅವಳು ವೇದಿಕೆಯ ಮೇಲೆ ಕೂರಲಿಲ್ಲ. ನಡುಮನೆಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಊರಿನ ಹುಡುಗಿಯರಿಗೆಲ್ಲ ಪಾಠ ಹೇಳಿದಳು, ಅಷ್ಟೆ. ಆ ದಿನದ ಬಗ್ಗೆ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಒಬ್ಬರೂ ಒಂದು ಮಾತು ಎತ್ತಲಿಲ್ಲ. ಅವಳ ಎದುರಿಗೆ ಅರಕಲಗೂಡು ಎಂಬ ಊರಿನ ಹೆಸರನ್ನೇ ತೆಗೆಯದಷ್ಟು ಎಚ್ಚರ ನಮಗೆ. ಅಲ್ಲಿಗೆ ಹೋಗಬೇಕಾದವರು ‘ಆ ಕಡೆ ಹೋಗಿ ಬರ್ತೀನಿ’ ಎನ್ನುತ್ತಿದ್ದರು.

ಆ ವರ್ಷ ಪುಷ್ಯಮಾಸದಲ್ಲಿ ತಾತನಿಂದ ಫೋನು ಬಂತು. ‘ನನಗೆ ಎಂಬತ್ತು ದಾಟಿತು. ವನಜ ಜನರ ಮುಂದೆ ಕೂತು ಹಾಡೋದನ್ನ ಇನ್ನೊಂದು ಸಲ ಕೇಳಬೇಕು. ಮುಂದಿನ ವರ್ಷ ಅನ್ನಬೇಡಿ, ಮುಂದಿನ ವರ್ಷದ ಮೇಲೆ ನನಗೆ ಅಷ್ಟು ಭರವಸೆ ಇಲ್ಲ’ ಎಂದರು. ಅಪ್ಪ ಇದನ್ನು ಅತ್ತೆಗೆ ಹೇಳಿದಾಗ ಅವಳು ಬೆಂಡೆಕಾಯಿ ಹೆಚ್ಚುತ್ತಿದ್ದಳು. ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ, ಹೂಂ ಎನ್ನಲು ಧೈರ್ಯ ಬರಲಿಲ್ಲ. ಸುಮಾರು ಹೊತ್ತು ಹೆಚ್ಚಿ, ‘ನೀಲಿ ಚಪ್ಪರ ತುಂಬ ಹೂ ಬಿಟ್ಟಿರಲಿ, ಅದರ ಕೆಳಗೆ ಕೂತು ಹಾಡ್ತೀನಿ. ಹೂವಿಲ್ಲದಿದ್ರೆ ಇಲ್ಲ’ ಎಂದಳು.

ಸ್ನೇಹಿತರೇ, ಅದೊಂದು ಜಾಣ ಮಾತು. ಮೊದಲೇ ದಿನ ಹೇಳದ ಬಳ್ಳಿಗೆ ತನ್ನ ಮಾತನ್ನು ಕಟ್ಟಿದರೆ ಅದು ಉಳಿದರೂ ಉಳಿದೀತು, ಜಾರಿದರೂ ಜಾರೀತು, ತಾನು ಮಾತ್ರ ಮಾತಿಗೆ ತಪ್ಪಿದವಳಾಗುವುದಿಲ್ಲ. ಆದರೆ ಅವಳು ನನ್ನ ದಿನಚರಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಪ್ಪ ನನ್ನ ಮುಖ ನೋಡಿದರು. ಶಿವರಾತ್ರಿ ಕಳೆದ ಭಾನುವಾರ ಎಂದೆ. ಮರುದಿನವೇ ಅರ್ಜಿ ಹೋಯಿತು. ಹಾಸನದಿಂದ ಪಿಟೀಲು, ಮೃದಂಗದವರು ಗೊತ್ತಾದರು. ವಾರದೊಳಗೆ ಬೀದಿಯೆಲ್ಲ ಅದೇ ಸುದ್ದಿ: ಟೀಚರಮ್ಮ ಹಾಡ್ತಾರಂತೆ, ಹೂ ಬಿಟ್ಟರೆ ಮಾತ್ರ ಅಂತೆ.

ಆ ಆರು ವಾರ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಕಾಲೇಜಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಂಗಲೆಯ ಗೇಟಿನಲ್ಲಿ ನಿಂತು ಚಪ್ಪರ ನೋಡುತ್ತಿದ್ದೆ. ಮನೆಯಲ್ಲಿ ಬೆಳಗಿನ ಜಾವ ಅತ್ತೆಯ ಕೋಣೆಯಿಂದ ಶ್ರುತಿಪೆಟ್ಟಿಗೆಯ ಸದ್ದು ಬರತೊಡಗಿತು. ಅವಳು ಆ ಶಂಕರಾಭರಣದ ಕೃತಿಯನ್ನೇ ಪಲ್ಲವಿಯಿಂದ ಎತ್ತಿ, ಅನುಪಲ್ಲವಿ ದಾಟಿ, ಚರಣದ ಮೊದಲ ಸಾಲು ಹಾಡಿ, ಎರಡನೆಯದರ ಬಾಗಿಲಿಗೆ ಬಂದು ನಿಲ್ಲಿಸುತ್ತಿದ್ದಳು. ದಿನವೂ ಅಲ್ಲಿಗೇ. ಹಾಸಿಗೆಯಲ್ಲಿ ಮಲಗಿಕೊಂಡೇ ನಾನು ಉಸಿರು ಹಿಡಿದು ಮುಂದಿನ ಸಾಲಿಗೆ ಕಾಯುತ್ತಿದ್ದೆ, ಅದು ಬರುತ್ತಿರಲಿಲ್ಲ. ಹೂ ಅರಳಿಬಿಟ್ಟರೆ ಅದೂ ಬರುತ್ತದೆ ಎಂದು ನನಗೆ ಯಾಕೋ ಖಚಿತವಾಗಿತ್ತು. ಅರಳದಿದ್ದರೆ ಆ ಸಾಲು ಕೋಣೆಯಿಂದಾಚೆ ಎಂದೂ ಬರುವುದಿಲ್ಲ, ತಾತನೂ ಕೇಳುವುದಿಲ್ಲ ಎಂಬುದೂ ಅಷ್ಟೇ ಖಚಿತವಾಗಿತ್ತು.

ಶಿವರಾತ್ರಿ ಹತ್ತಿರ ಬಂತು. ಹಿಂದಿನ ವರ್ಷಗಳಲ್ಲಿ ಆ ಹೊತ್ತಿಗೆ ಅರ್ಧ ಎಲೆ ಉದುರಿ, ಒಣಗಿ, ದೂಳು ಹಿಡಿದು ನಿಂತಿರುತ್ತಿದ್ದ ಬಳ್ಳಿ ಈ ಸಲ ಹಚ್ಚಹಸಿರಾಗಿ ತುಂಬಿ ತುಳುಕುತ್ತಿತ್ತು. ಅಂಗೈಯಗಲದ ಹೊಸ ಎಲೆಗಳು, ಎಳೆ ಕುಡಿಗಳು, ಕುಡಿಯ ಮೇಲೆ ಕುಡಿ. ನೋಡಿದವರೆಲ್ಲ ‘ಏನು ಕಳೆ ಬಂದಿದೆ’ ಎಂದು ಸಂತೋಷಪಟ್ಟರು. ಮೊಗ್ಗು ಒಂದೂ ಇರಲಿಲ್ಲ.

ಶನಿವಾರ ಸಂಜೆ ಕುರ್ಚಿ ಹಾಕಿಸಲು ಹೋದಾಗ ಗುಟ್ಟು ಹೊರಗೆ ಬಿತ್ತು. ಅಪ್ಪ, ಅಜ್ಜಿ, ನಾನು, ಜೊತೆಗೆ ಗೊಬ್ಬರದ ಅಂಗಡಿಯ ಶಿವಣ್ಣ. ಶಿವಣ್ಣನ ಮಗಳು ಅತ್ತೆಯ ಹತ್ತಿರ ಪಾಠಕ್ಕೆ ಬರುತ್ತಾಳೆ. ಬಳ್ಳಿಯ ಬುಡದಲ್ಲಿ ನೆಲ ಕೆಸರಾಗಿ ಕಾಲು ಹೂತುಕೊಂಡಾಗ ಅಪ್ಪ ಚಪ್ಪಲಿ ಕಿತ್ತುಕೊಳ್ಳುತ್ತ, ‘ಇಷ್ಟು ನೀರು ಯಾರು ಹಾಕಿದ್ದು?’ ಎಂದರು.

‘ದಿನಾ ವಾಕಿಂಗ್ ಬರ್ತೀಯಲ್ಲ, ನೀನೇ ನಲ್ಲಿ ಬಿಟ್ಟಿರ್ತೀಯ’ ಎಂದಳು ಅಜ್ಜಿ.

‘ಬಿಟ್ಟಿದ್ದೆ, ಒಂದ್ ಹತ್ತು ನಿಮಿಷ. ನೀನು?’

‘ಅಕ್ಕಿ ತೊಳೆದ ನೀರು. ಒಂದು ಬಕೆಟ್ಟು. ದಿನಾ ಅಲ್ಲ, ದಿನ ಬಿಟ್ಟು ದಿನ.’

ಶಿವಣ್ಣ ಕೆಮ್ಮಿದ. ‘ನಂದೂ ಒಸಿ ಅದೆ ಕಣ್ರವ್ವ. ನಮ್ ಟೀಚರಮ್ಮ ಆಡ್ತಾರಲ್ಲ ಅಂತ ಒಂದೆಲ್ಡು ಇಡಿ ಯೂರಿಯಾ ಆಕ್ದೆ. ಆಮ್ಯಾಕೆ ಸಗಣಿ ಗೊಬ್ಬರ ಒಂದ್ ಗಾಡಿ.’

‘ಗಾಡಿ?’

‘ಸಣ್ ಗಾಡಿ ಕಣ್ ಬುಡಿ.’

ಅಪ್ಪ ಒಂದು ಕಂಬಕ್ಕೆ ಒರಗಿಕೊಂಡರು. ಪಾಠಕ್ಕೆ ಬರುವ ಹುಡುಗಿಯರೂ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ದಿನವೂ ಇಲ್ಲೇ ಸುರಿದು ಹೋಗುತ್ತಿದ್ದರಂತೆ. ಅಜ್ಜಿ ಇದ್ದಕ್ಕಿದ್ದ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ಅಯ್ಯೋ ರಾಮ. ಹಿತ್ತಲ ಮಲ್ಲಿಗೆಗೆ ಈ ದಿನದಲ್ಲಿ ನಾನೇ ನೀರು ನಿಲ್ಲಿಸ್ತೀನಲ್ಲೋ. ಒಣಗಿಸಿ, ಎಲೆ ಸವರಿದ ಮೇಲೇ ಅಲ್ವೇ ಅದು ಮೊಗ್ಗು ಹಿಡಿಯೋದು. ಹೊಟ್ಟೆ ತುಂಬಿದ್ರೆ ಬರೀ ಎಲೆ ಬಿಡುತ್ತೆ.’

‘ಗೊತ್ತಿದ್ದೂ ಹಾಕಿದ್ಯಾ?’

‘ಇದು ನಮ್ಮನೆ ಗಿಡ ಅಲ್ವಲ್ಲ, ಪಾಪ ಅನ್ನಿಸ್ತು.’

ಆ ಉತ್ತರವನ್ನು ನಾನು ಮನೆಗೆ ಬಂದು ಹಾಗೆಯೇ ಬರೆದಿಟ್ಟುಕೊಂಡೆ. ನನಗೆ ಆಮೇಲೂ ಅನ್ನಿಸುತ್ತಲೇ ಇದೆ, ನಮ್ಮ ಜನಕ್ಕೆ ಯಾರನ್ನಾದರೂ ಅವರ ಪಾಡಿಗೆ ಬಿಡುವುದು ಬರುವುದಿಲ್ಲ ಎಂದು. ಪರೀಕ್ಷೆಗೆ ಓದುವ ಹುಡುಗನಿಗೆ ಬಾದಾಮಿ ಹಾಲು ಕುಡಿಸಿ ಕುಡಿಸಿ ಹೊಟ್ಟೆ ಕೆಡಿಸುತ್ತೇವೆ. ದುಃಖದಲ್ಲಿರುವವರ ಮನೆಗೆ ಗುಂಪಾಗಿ ಹೋಗಿ ಅವರಿಂದಲೇ ಕಾಫಿ ಮಾಡಿಸಿಕೊಂಡು ಕುಡಿದು ಬರುತ್ತೇವೆ. ಅತ್ತೆಯ ವಿಷಯದಲ್ಲೂ ಹೀಗೆಯೇ ಆಯಿತೇನೋ. ಒಂದು ಸಾಲು ಮರೆತದ್ದನ್ನು ಇಷ್ಟು ವರ್ಷ ಯಾರೂ ಅವಳೆದುರು ಆಡದೆ, ಒಬ್ಬರೂ ನಗದೆ, ತಮಾಷೆ ಮಾಡದೆ, ಆ ಸಣ್ಣ ಸಂಗತಿಯ ಬುಡಕ್ಕೆ ನಮ್ಮ ಮೌನವನ್ನು ಬಕೆಟ್ಟುಗಟ್ಟಲೆ ಸುರಿದೆವು. ಅದು ಬೆಳೆದು ಅವಳನ್ನು ಮುಚ್ಚುವಷ್ಟಾಯಿತು.

ಭಾನುವಾರ ಮಧ್ಯಾಹ್ನ ತಾತ ರುದ್ರಪಟ್ಟಣದಿಂದ ಬಂದಿಳಿದರು. ಕೊಣನೂರಿನಲ್ಲಿ ಬಸ್ಸು ತಡವಾದ ಕತೆಯನ್ನು ಕಾಲು ತೊಳೆಯುವ ಮುಂಚೆಯೇ ಹೇಳಿ ಮುಗಿಸಿದರು. ‘ಅರಕಲಗೂಡಲ್ಲಿ ಸೀಟು ಸಿಕ್ತು’ ಎಂದಾಗ ನಾವೆಲ್ಲ ಒಟ್ಟಿಗೆ ಅತ್ತೆಯ ಮುಖ ನೋಡಿದೆವು. ಅತ್ತೆ ತಾತನ ಕಾಲಿಗೆ ನೀರು ತಂದಿಟ್ಟಳು. ಸಂಜೆ ಐದಕ್ಕೆ ಅವಳು ಹಸಿರಂಚಿನ ಸೀರೆಯುಟ್ಟು ಬಂಗಲೆಗೆ ಬಂದಳು. ಜನ ಆಗಲೇ ತುಂಬಿದ್ದರು. ಅವಳು ಚಪ್ಪರದ ಕೆಳಗೆ ಹೋಗಿ, ತಲೆಯೆತ್ತಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದಳು. ಆಗ ಅವಳ ಮುಖದಲ್ಲಿ ಬಂದ ನೆಮ್ಮದಿ ನನಗೆ ಕಾಣಿಸಿತು. ನೆಮ್ಮದಿಯ ಹಿಂದೆಯೇ ಇನ್ನೊಂದು ಕಂಡಿತು. ಜಾತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಮನೆಯಲ್ಲೇ ಬಿಟ್ಟುಹೋದ ಮಗುವಿನ ಮುಖದಲ್ಲಿ ಇರುವಂಥದು.

‘ಹೂವಿಲ್ಲವಲ್ಲ ಅಣ್ಣ’ ಎಂದಳು ಅಪ್ಪನಿಗೆ. ಅಷ್ಟು ಹೇಳಿ, ಸೆರಗು ಸಿಕ್ಕಿಸಿಕೊಂಡು ಹಿಂದೆ ಕಾಫಿಯ ಡ್ರಮ್ಮಿನ ಹತ್ತಿರ ಹೋಗಿ ಲೋಟ ಜೋಡಿಸತೊಡಗಿದಳು.

ಯಾರೂ ಅವಳನ್ನು ಒತ್ತಾಯಿಸಲಿಲ್ಲ. ಮತ್ತೆ ಅದೇ ನಮ್ಮ ಒಳ್ಳೆಯತನ. ಮುಂದಿನ ಸಾಲಿನಲ್ಲಿ ಕೂತಿದ್ದ ತಾತ ಮಾತ್ರ, ‘ಜನ ಬಂದು ಕೂತಿದ್ದಾರೆ, ಹಾಸನದವರು ವಾದ್ಯ ಹೊತ್ಕೊಂಡು ಬಂದಿದ್ದಾರೆ. ನಾನೇ ಒಂದು ಹಾಡಿ ಕಳಿಸ್ತೀನಿ’ ಎಂದು ನನ್ನ ಭುಜ ಹಿಡಿದು ಎದ್ದು, ಚಾಪೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಶಂಕರಾಭರಣ ಎತ್ತಿದರು. ಅದೇ ಕೃತಿ. ದನಿ ನಡುಗುತ್ತಿತ್ತು, ಸ್ವರ ಜಾಗ ತಪ್ಪುತ್ತಿರಲಿಲ್ಲ. ಪಲ್ಲವಿ ಮುಗಿಯಿತು, ಅನುಪಲ್ಲವಿ ಮುಗಿಯಿತು. ಚರಣದ ಮೊದಲ ಸಾಲು ಹಾಡಿ ತಾತ ನಿಂತರು. ಪಿಟೀಲು ಅದೇ ಸಾಲನ್ನು ನುಡಿಸಿ ದಾರಿ ಕೊಟ್ಟಿತು. ತಾತ ಅದೇ ಸಾಲನ್ನು ಮತ್ತೆ ಹಾಡಿದರು, ಮತ್ತೆ ನಿಂತರು. ಆಮೇಲೆ ತೊಡೆಯ ಮೇಲೆ ತಾಳ ಹಾಕುವುದನ್ನು ಬಿಡದೆಯೇ ಜನರ ಕಡೆ ತಿರುಗಿ, ಬಸ್ಸಿನಲ್ಲಿ ಕೊಡೆ ಬಿಟ್ಟುಬಂದವರ ದನಿಯಲ್ಲಿ, ‘ಮುಂದಿನ ಸಾಲು ಎಲ್ಲೋ ಹೋಯ್ತಪ್ಪ’ ಎಂದರು.

ಜನ ನಕ್ಕರು. ತಾತನೂ ನಕ್ಕರು. ಆ ನಗುವಿನ ನಡುವೆ, ಹಿಂದಿನಿಂದ, ಡ್ರಮ್ಮಿನ ಕಡೆಯಿಂದ, ಆ ಸಾಲು ಬಂತು.

ಆರು ವಾರ ಬಾಗಿಲಿನಲ್ಲಿ ನಿಂತು ಹಿಂದಿರುಗುತ್ತಿದ್ದ ಆ ಸಾಲನ್ನು ನಾನು ಮೊದಲ ಸಲ ಕೇಳಿದ್ದು ಹಾಗೆ. ಮೇಲಿನ ಷಡ್ಜಕ್ಕೆ ಹತ್ತಿ, ಅಲ್ಲಿ ಒಂದು ಗಳಿಗೆ ನಿಂತು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಾಲು. ಅತ್ತೆಯ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಡ್ರಮ್ಮಿನ ನಲ್ಲಿ. ನಲ್ಲಿಯಿಂದ ಕಾಫಿ ಲೋಟ ತುಂಬಿ ನೆಲಕ್ಕೆ ಸುರಿಯುತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಪಿಟೀಲು ಓಡಿಬಂದು ಅವಳನ್ನು ಸೇರಿಕೊಂಡಿತು. ಚರಣ ಮುಗಿಯುವವರೆಗೂ ಯಾರೂ ತಿರುಗಿ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಟ್ಟಾಳೆಂಬ ಭಯ ನಮಗೆ. ನಲ್ಲಿ ನಿಲ್ಲಿಸಿದ್ದು ಶಿವಣ್ಣ.

‘ಬಾರೇ, ನಿಂತು ಹಾಡಿದ್ರೆ ಕಾಲು ನೋಯುತ್ತೆ’ ಎಂದು ತಾತ ಪಕ್ಕದ ಚಾಪೆಯನ್ನು ತಟ್ಟಿದರು. ಅತ್ತೆ ಬಂದಳು. ಬರುವಾಗ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟಳು. ಆ ಹಸಿರು ಚಪ್ಪರದ ಕೆಳಗೆ ಅವಳು ಕಲ್ಯಾಣಿ ಹಾಡಿದಳು, ಮೋಹನ ಹಾಡಿದಳು. ಒಂದು ಕಡೆ ತಾಳ ತಪ್ಪಿ, ನಕ್ಕು, ಸರಿಮಾಡಿಕೊಂಡು ಮುಂದೆ ಹೋದಳು. ಆ ನಗುವನ್ನು ನಾನು ಅವಳ ಹಾಡಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ.

ಎಲ್ಲ ಮುಗಿದು ಕುರ್ಚಿ ಮಡಚುವಾಗ ಅತ್ತೆ ತಾತನ ಹತ್ತಿರ ಕೂತು ಮೆಲ್ಲಗೆ ಕೇಳಿದಳು. ‘ಮಾವ, ನಿಜ ಹೇಳಿ. ನನಗೋಸ್ಕರ ಮರೆತ ಹಾಗೆ ಮಾಡಿದ್ರಿ ತಾನೇ?’

ತಾತನಿಗೆ ಸ್ವಲ್ಪ ಕೋಪವೇ ಬಂದಿತು. ‘ಎಂಬತ್ತಾಗಿದೆ ಕಣೆ. ಮರೆಯೋದಕ್ಕೆ ನಾನು ನಾಟಕ ಬೇರೆ ಆಡಬೇಕಾ? ನಿಜವಾಗ್ಲೂ ಮರೆತೆ. ಅರಕಲಗೂಡಲ್ಲಿ ನೀನು ಮರೆತಿದ್ದೂ ಅದೇ ಸಾಲು ಅಲ್ವಾ? ಅದು ಜಾರೋ ಜಾಗವೇ. ನಮ್ಮಪ್ಪನೂ ಅಲ್ಲಿ ಮರೀತಿದ್ರು.’

ಅತ್ತೆ ಅವರ ಕಡೆ ಪೂರ್ತಿ ತಿರುಗಿ ಕೂತಳು. ‘ಇದನ್ನ ಆಗ್ಲೇ ಹೇಳಬಾರದಿತ್ತಾ?’

‘ನೀನು ಕೇಳಲಿಲ್ಲವಲ್ಲ’ ಎಂದು ತಾತ ಕಾಫಿ ಎಲ್ಲಿ ಎಂದು ಹುಡುಕತೊಡಗಿದರು. ಕಾಫಿಯೆಲ್ಲ ನೆಲದ ಪಾಲಾಗಿತ್ತು.

ಬಳ್ಳಿ ಆ ವರ್ಷ ಅರಳಿದ್ದು ಮಾರ್ಚಿ ತಿಂಗಳ ಕೊನೆಯಲ್ಲಿ, ಪರೀಕ್ಷೆಗಳ ನಡುವೆ, ಯಾರ ಅರ್ಜಿಯೂ ಇಲ್ಲದ ದಿನಗಳಲ್ಲಿ. ತಿಂದ ಗೊಬ್ಬರವೆಲ್ಲ ಅರಗಿದ ಮೇಲೆ ಅದು ಅರಳಿದ ರೀತಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಮೊದಲ ದಿನ ಎಲೆಯೇ ಕಾಣುತ್ತಿರಲಿಲ್ಲವಂತೆ. ‘ಅಂತೆ’ ಎಂದೆ, ಯಾಕೆಂದರೆ ಆ ದಿನ ನಾನು ಅದನ್ನು ನೋಡಲು ಹೋಗಲಿಲ್ಲ. ಶಿವಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಿ ಏದುಸಿರು ಬಿಡುತ್ತ ಮನೆಗೆ ಬಂದಾಗ ಅತ್ತೆಯೂ ನಾನೂ ಬಾಗಿಲಿಗೆ ಬೀಗ ಹಾಕುತ್ತಿದ್ದೆವು. ಹಳೇಕೋಟೆಯಲ್ಲಿ ಒಬ್ಬರ ಮನೆಯ ಗೃಹಪ್ರವೇಶಕ್ಕೆ ಅತ್ತೆಯ ಹಾಡು, ಶ್ರುತಿಪೆಟ್ಟಿಗೆ ಹೊರಲು ನಾನು.

‘ಟೀಚರಮ್ಮ, ಬುಟ್ಬುಡ್ತು ಕಣ್ರೀ. ಚಪ್ಪರ ತುಂಬಾ ಊವು. ಬನ್ನಿ ನೋಡ್ ಬನ್ನಿ.’

‘ಬಸ್ಸಿಗೆ ಹೊತ್ತಾಯ್ತು ಶಿವಣ್ಣ’ ಎಂದಳು ಅತ್ತೆ, ಚಪ್ಪಲಿ ಮೆಟ್ಟುತ್ತ. ‘ನೀವು ನೋಡಿ. ನೀರು ಮಾತ್ರ ಹಾಕ್ಬೇಡಿ.’

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಊರು ದಾಟುವ ಮುಂಚೆಯೇ ಅವಳು ಕಣ್ಣು ಮುಚ್ಚಿ ಆ ಚರಣವನ್ನು ಗುನುಗಲು ಶುರುಮಾಡಿದ್ದಳು. ಕಂಡಕ್ಟರ್ ಬಂದು ‘ಎಲ್ಲಿಗಮ್ಮಾ?’ ಎಂದ. ಅತ್ತೆ ಎರಡನೆಯ ಸಾಲಿನ ಮಧ್ಯದಲ್ಲಿದ್ದಳು. ಗುನುಗುವುದನ್ನು ನಿಲ್ಲಿಸದೆ ಎರಡು ಬೆರಳು ತೋರಿಸಿದಳು. ಯಾವ ಊರು ಎಂದು ನಾನು ಹೇಳಬೇಕಾಯಿತು.